ದುಡಿಯ ಸದ್ದು ಯಾರ ಕಿವಿಗೆ?

ಸಕಲೇಶಪುರ, ಆಲೂರಿನ ಬೆಟ್ಟಸಾಲಿನಲ್ಲಿರುವ ನಮಗೆ ‘ಚೋಮನ ದುಡಿ’ ಬರೀ ಕರಾವಳಿಯ ಕತೆಯಲ್ಲ. ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟ ಹತ್ತುವುದು ಇಂಥ ಕಾಫಿ ತೋಟಗಳಿಗೇ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಲನಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚೋಮನಾಗಿ ಅಭಿನಯಿಸಿದ ವಾಸುದೇವ ರಾವ್ ಶ್ರೇಷ್ಠ ನಟರೆನಿಸಿದರು.

ಈ ಚಿತ್ರವನ್ನು ಮತ್ತೆ ನೋಡುವಂತೆ ಮಾಡಿದ್ದು ಜಪಾನಿನ ಮಸಾಕಿ ಯುವಾಸ ಅವರ 2021ರ ಅನಿಮೇಷನ್ ಚಿತ್ರ ‘ಇನು-ಓ’. ಅದು ಹದಿನಾಲ್ಕನೆಯ ಶತಮಾನದ ಕತೆ. ವಿಕಾರ ರೂಪದಿಂದ ಹುಟ್ಟಿ ಮನೆಯವರಿಂದಲೇ ದೂರವಾದ ನರ್ತಕನೊಬ್ಬ, ತಂತಿವಾದ್ಯ ನುಡಿಸುವ ಕುರುಡ ಗಾಯಕನೊಬ್ಬ. ಯುದ್ಧದಲ್ಲಿ ಸತ್ತವರ ಯಾರೂ ಹೇಳದ ಕತೆಗಳನ್ನು ಇಬ್ಬರೂ ಬೀದಿಯಲ್ಲಿ ಹಾಡಿ ಕುಣಿಯುತ್ತಾರೆ. ಜನ ಮುಗಿಬೀಳುತ್ತಾರೆ. ಆಳುವವನಿಗೆ ದಿಗಿಲಾಗುತ್ತದೆ. ತಾನು ಒಪ್ಪಿದ ಕತೆಯನ್ನಷ್ಟೇ ಹಾಡಬೇಕೆಂದು ಅವನು ಆಜ್ಞೆ ಮಾಡುತ್ತಾನೆ. ಗಾಯಕ ಒಪ್ಪದೆ ತಲೆ ಕೊಡುತ್ತಾನೆ. ಗೆಳೆಯನನ್ನು ಉಳಿಸಲೆಂದು ನರ್ತಕ ತಲೆಬಾಗುತ್ತಾನೆ. ಇನು-ಓ ಚರಿತ್ರೆಯಲ್ಲಿ ನಿಜವಾಗಿ ಇದ್ದ ಕಲಾವಿದ. ಅವನ ಒಂದು ಕೃತಿಯೂ ಉಳಿದಿಲ್ಲ.

ಚೋಮನಿಗೆ ಇಂಥ ಕೇಳುಗರೇ ಇಲ್ಲ. ಸಿಟ್ಟು ಬಂದರೂ ಕುಡಿದರೂ ಅವನು ಗುಡಿಸಲಿನಲ್ಲಿ ದುಡಿ ಬಾರಿಸುತ್ತಾನೆ. ಅವನ ಆಸೆ ಒಂದು ತುಂಡು ಗದ್ದೆ. ಒಡೆಯ ಸಂಕಪ್ಪಯ್ಯ ಕೊಡಲು ಮನಸ್ಸು ಮಾಡಿದರೂ ಹಿಂದಿನಿಂದ ಬಂದ ಕಟ್ಟಳೆಯ ಹೆಸರಿನಲ್ಲಿ ಅವರ ತಾಯಿ ತಡೆಯುತ್ತಾರೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರನ್ನು ಕಟ್ಟಿಹಾಕುವುದೂ ಅದೇ ಕಟ್ಟಳೆ. ಕೊನೆಗೆ ಚೋಮ ನೇಗಿಲು ಸುಟ್ಟು, ಬಾಗಿಲು ಹಾಕಿಕೊಂಡು, ಸಾಯುವವರೆಗೆ ದುಡಿ ಬಾರಿಸುತ್ತಾನೆ. ಚಿತ್ರದ ಶಕ್ತಿ ಈ ಸದ್ದಿನಲ್ಲಿದೆ, ಮಿತಿಯೂ ಇಲ್ಲೇ ಇದೆ. ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೆ ಕಟ್ಟಳೆಗೆ ದಿಗಿಲಾಗುವುದಿಲ್ಲ. ಸತ್ತ ಚೋಮನನ್ನು ಮರುಗುವುದು ಸುಲಭ, ಬದುಕಿ ಹಾಡುವ ಚೋಮನನ್ನು ಎದುರಿಸುವುದು ಕಷ್ಟ.

ಆ ಎರಡನೆಯ ಚೋಮನೂ ಅದೇ 1975ರಲ್ಲಿ ಬಂದ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಎಂಬ ಸಂಕಲನದ ರೂಪದಲ್ಲಿ. ಅಲ್ಲಿ ಹಾಡುವವನು ಮರುಕ ಬೇಡಲಿಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡು ಬೀದಿಗಿಳಿಯಿತು. ತೆರೆಯ ಮೇಲೆ ನಿಂತ ದುಡಿ ಹೊರಗೆ ಮುಂದುವರಿಯಿತು ಎಂದೇ ನಾವು ಈ ಎರಡನ್ನೂ ಒಟ್ಟಿಗೆ ಓದುತ್ತೇವೆ.

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಸುಗ್ಗಿಗೂ ಜಾತ್ರೆಗೂ ವಾದ್ಯ ಬೇಕೆನ್ನುವ ಊರುಗಳಲ್ಲಿ, ಬಾರಿಸುವವನು ಎಲ್ಲಿ ನಿಲ್ಲಬೇಕೆಂಬುದು ಇನ್ನೂ ಕಟ್ಟಳೆಯೇ ಆಗಿದ್ದರೆ ಆ ಪದಕ ಯಾರ ಎದೆಯ ಮೇಲಿದೆ?

ನಮ್ಮ ಧರ್ಮದಲ್ಲಿ ಮೇಲುಕೀಳಿಲ್ಲ ಎನ್ನುವ ನಾವು ಮುಸ್ಲಿಮರೂ ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ದಫ್ ಬಾರಿಸುತ್ತ ಬಾಗಿಲಿಗೆ ಬರುವ ಫಕೀರನಿಗೆ ಹಿಡಿ ಅಕ್ಕಿ ಹಾಕುತ್ತೇವೆ. ಅವನ ಮನೆಗೆ ಹೆಣ್ಣು ಕೊಡುವ ಮಾತು ಬಂದಾಗ ನಮ್ಮಲ್ಲೂ ಒಬ್ಬ ಸಂಕಪ್ಪಯ್ಯನ ತಾಯಿ ಎದ್ದು ನಿಲ್ಲುತ್ತಾಳೆ. ಚೋಮನ ದುಡಿ ಅವಳ ಕಿವಿಗೂ ಬೀಳಬೇಕು.