ಚೀನಾ ನೂಲು, ನಮ್ಮ ಗೂಡು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡಿನಿಂದ ನೂಲು ಬಿಚ್ಚುವ ರೀಲರ್ ಲಾಟಿನ ತಳಕ್ಕೆ ಕೈ ಹಾಕಿ ಒಂದು ಗೂಡು ಎತ್ತುತ್ತಾನೆ, ಬೆರಳಲ್ಲಿ ಒತ್ತುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಗುಣಮಟ್ಟ ಅಳೆಯುವ ಆ ಅನುಭವ ದೊಡ್ಡದು. ಆದರೆ ಅವನು ಕೊಡುವ ಬೆಲೆಯನ್ನು ದೆಹಲಿಯ ಆಮದು ಸುಂಕ ಎಷ್ಟೋ ಸಲ ಮೊದಲೇ ನಿರ್ಧರಿಸಿರುತ್ತದೆ.

2011-12ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾದ ಅಗ್ಗದ ನೂಲು ಒಳಬಂದು ಗೂಡಿನ ಧಾರಣೆ ನೆಲ ಕಚ್ಚಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಮುಂದೆ ಶೇ 10ಕ್ಕೆ ಇಳಿದು, 2021ರಲ್ಲಿ ಮತ್ತೆ 15 ಆಯಿತು. ಹಿಪ್ಪುನೇರಳೆ ನೆಟ್ಟು, ಹುಳು ಮನೆ ಕಟ್ಟಿ, ಸಾಲ ತಂದವನು ಯಾವ ಅಂಕಿಯನ್ನು ನಂಬಬೇಕು? ಹೀಗೆ ಹತ್ತಿಳಿಯುವ ಸುಂಕವನ್ನು ನೀತಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹಾಗೆಂದು ಚೀನಾ ನೂಲು ಕೊಳ್ಳುವ ನೇಕಾರನನ್ನು ದೂರುವುದು ಅನ್ಯಾಯ. ವಿದ್ಯುತ್ ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಅವನಿಗೆ ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಿ, ಗಂಟಿನ ಲೆಕ್ಕದಲ್ಲಲ್ಲ. ನೂಲು ಬಿಚ್ಚುವ ನಮ್ಮ ಚರಕದ ಮುಂದೆ ಕೂತ ಹೆಂಗಸು ಬಿಸಿನೀರಲ್ಲಿ ಕೈ ಅದ್ದಿ, ಎಷ್ಟು ಗೂಡಿನ ಎಳೆ ಸೇರಿಸಬೇಕೆಂದು ಕಣ್ಣಂದಾಜಿನಲ್ಲೇ ತೀರ್ಮಾನಿಸುತ್ತಾಳೆ. ಹಾಗಾಗಿ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು; ತೆಳುವಾದಲ್ಲಿ ಕಡಿಯುತ್ತದೆ. ಸ್ವಯಂಚಾಲಿತ ಯಂತ್ರವಾದರೆ ದಪ್ಪ ತಾನೇ ಅಳೆದು, ಎಳೆ ಸಣ್ಣಗಾದ ಕೂಡಲೇ ಹೊಸ ಗೂಡು ಸೇರಿಸುತ್ತದೆ. ಚೀನಾ ಗೆದ್ದಿದ್ದು ಬೆಲೆಯಲ್ಲಿ ಮಾತ್ರವಲ್ಲ, ಈ ಸಮನಾದ ನೂಲಿನಲ್ಲೂ. ನಾವು ತಡವಾಗಿ ಹಾಕಿಸಿಕೊಂಡ ಯಂತ್ರಗಳೂ ಬಹಳಷ್ಟು ಅಲ್ಲಿಂದಲೇ ಬಂದವು.

ನಮ್ಮಲ್ಲಿ ವಿದ್ಯೆಗೇನೂ ಕೊರತೆಯಿರಲಿಲ್ಲ, ಅದೇ ನೋವಿನ ಸಂಗತಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಸಿಎಸ್‌ಆರ್-2, ಸಿಎಸ್‌ಆರ್-4ರಂಥ ದ್ವಿತಳಿ ರೇಷ್ಮೆಹುಳುಗಳನ್ನು ಕೊಟ್ಟಿತು. ಇವುಗಳ ಒಂದೇ ಗೂಡಿನಿಂದ ಸುಮಾರು ಸಾವಿರ ಮೀಟರ್ ಎಳೆ ಬಿಚ್ಚಬಹುದು. ಅದೇ ಗೂಡನ್ನು ಹಳೆಯ ಚರಕಕ್ಕೆ ಹಾಕಿದರೆ ತಳಿಯ ಗುಣವೆಲ್ಲ ಬಿಸಿನೀರಿನಲ್ಲೇ ಉಳಿಯುತ್ತದೆ. ರೈತನಿಗೂ ನೇಕಾರನಿಗೂ ನಡುವಿರುವ ರೀಲರನ್ನು ಸರ್ಕಾರಗಳು ಮರೆತವು. ಬಂಡವಾಳವಿಲ್ಲದ ಈ ಸಣ್ಣ ಕುಳಕ್ಕೆ ಸುಲಭದ ಸಾಲ ಸಿಕ್ಕಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು.

ಸುಂಕ ಬೇಕು, ಆದರೆ ಕನಿಷ್ಠ ಹತ್ತು ವರ್ಷ ಅದನ್ನು ಅಲುಗಾಡಿಸಬಾರದು. ಆ ಅವಧಿಯಲ್ಲಿ ವಸೂಲಾದ ಹಣವನ್ನು ರಾಮನಗರ, ಶಿಡ್ಲಘಟ್ಟದ ಬಿಚ್ಚಾಣಿಕೆ ಘಟಕಗಳಿಗೇ ಹಾಕಲಿ.