ವಾಪಸು ಹೋದ ಪಾದ್ರಿಯ ಲೆಕ್ಕ

ಮತಾಂತರದ ಮಾತು ಬಂದರೆ ಸಾಕು, ನಮ್ಮ ಕಡೆ ಒಂದು ಸಿದ್ಧ ಉತ್ತರ ಇದೆ. ದೊಡ್ಡಬಳ್ಳಾಪುರದ ಬಸ್ ಸ್ಟಾಂಡಿನಲ್ಲಿ ಕೇಳಿ, ನೆಲಮಂಗಲದ ಹೋಟೆಲಿನಲ್ಲಿ ಕೇಳಿ: "ಅವರೇನು ದೇವರಿಗೋಸ್ಕರ ಹೋದೋರಾ? ಗೋಧಿಗೆ, ಹಾಲಿನ ಪುಡಿಗೆ ಹೋದೋರು." ಹೀಗೆ ಹೇಳುವವನು ಇದು ತಾನೇ ಕಂಡುಕೊಂಡ ಸತ್ಯ ಅಂದುಕೊಂಡಿರುತ್ತಾನೆ. ಅಲ್ಲ. ಈ ಮಾತಿಗೆ ಇನ್ನೂರು ವರ್ಷದ ದಾಖಲೆ ಇದೆ. ಅದನ್ನು ಬರೆದವನು ಯಾವ ಮಠದ ಸ್ವಾಮಿಯೂ ಅಲ್ಲ. ಮೈಸೂರು ಸೀಮೆಯಲ್ಲಿ ಯೇಸುವಿನ ಹೆಸರು ಹೇಳಿಕೊಂಡು ತಿರುಗಿದ ಒಬ್ಬ ಫ್ರೆಂಚ್ ಪಾದ್ರಿ.

ಅಬ್ಬೆ ದುಬುವಾ 1792ರಲ್ಲಿ ಇಂಡಿಯಾಕ್ಕೆ ಬಂದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಅವನನ್ನು ಕರೆಸಿಕೊಂಡರು. ನಮ್ಮ ಜನದ ಹಾಗೆ ಬಟ್ಟೆ ತೊಟ್ಟ, ಮಾಂಸ ಬಿಟ್ಟ, ಜನರ ಬಾಯಲ್ಲಿ 'ದೊಡ್ಡ ಸ್ವಾಮಿಯೋರು' ಆದ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ದುಡಿದ. ಇದನ್ನೆಲ್ಲ ಇಲ್ಲ ಅನ್ನಬೇಕಾಗಿಲ್ಲ. 1823ರ ಜನವರಿಯಲ್ಲಿ ಅವನು ತನ್ನ ದೇಶಕ್ಕೆ ಹೊರಟ. ಅದೇ ವರ್ಷ ಲಂಡನ್ನಿನಲ್ಲಿ ಅವನ ಪತ್ರಗಳ ಪುಸ್ತಕ ಅಚ್ಚಾಯಿತು. ಮೂವತ್ತು ವರ್ಷದ ದುಡಿಮೆ ನೆನೆದು ಅವನು ಕೊಟ್ಟ ತೀರ್ಪು ಇಷ್ಟೇ: ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ.

ಸೋತೆ ಅಂತ ಒಪ್ಪಿಕೊಳ್ಳುವ ಪ್ರಾಮಾಣಿಕತೆ ದೊಡ್ಡದೇ. ಉಳಿದ ಮಿಷನರಿಗಳು ಸಿಟ್ಟಾದರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಅನ್ನುವವರು 1824ರಲ್ಲೇ ಉತ್ತರದ ಪುಸ್ತಕ ಬರೆದರು. ಮತಾಂತರ ಸಾಧ್ಯವೋ ಇಲ್ಲವೋ ಅಂತ ಬಿಳಿಯರು ತಮ್ಮ ತಮ್ಮಲ್ಲೇ ಜಗಳ ಆಡಿದರು. ಯಾರನ್ನು ಕುರಿತು ಈ ಜಗಳವೋ ಆ ಜನರ ಕಡೆಯಿಂದ ಆ ಪತ್ರಗಳನ್ನು ಓದಿದವರು ಎಷ್ಟು ಮಂದಿ? ನಾವು ಓದಬೇಕು. ಅವನು ಪರಯರು ಅಂತ ಬರೆದ ಕಡೆಯಲ್ಲೆಲ್ಲ ಹೊಲೆಯ ಮಾದಿಗರು ಅಂತ ಸೇರಿಸಿಕೊಂಡು ಓದಬೇಕು.

ದುಬುವಾ ತನ್ನ ಲೆಕ್ಕ ಕೊಡುತ್ತಾನೆ. ಇಷ್ಟು ವರ್ಷದಲ್ಲಿ, ಒಬ್ಬ ದೇಶೀ ಪಾದ್ರಿಯ ಸಹಾಯವೂ ಸೇರಿ, ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರರಿಂದ ಮುನ್ನೂರು ಜನ. ಅದರಲ್ಲಿ ಮೂರರಲ್ಲಿ ಎರಡು ಪಾಲು ಪರಯರು, ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಇವರು ಬಂದದ್ದು ಹೊಸ ನೆಂಟಸ್ತಿಕೆಗೆ, ಮದುವೆ ಸಂಬಂಧಕ್ಕೆ, ಇಲ್ಲವೇ ಇನ್ನೇನೋ ಲಾಭಕ್ಕೆ ಅನ್ನುತ್ತಾನೆ. ಅಂದರೆ ಬಂದವರು ಬಂದರು, ಆದರೂ ಲೆಕ್ಕಕ್ಕೆ ಇಲ್ಲ. ಊರೊಳಗಿನವರು ಬಂದಿದ್ದರೆ ಗೆಲುವು. ಕೇರಿಯವರು ಬಂದರೆ ಸೋಲು! ಇದು ಯಾರ ತಕ್ಕಡಿ?

ಅವನ ಇನ್ನೊಂದು ಪುಸ್ತಕದಲ್ಲಿ ಆ ತಕ್ಕಡಿ ಸಿಗುತ್ತದೆ. ಹಿಂದೂಗಳ ಆಚಾರ ವಿಚಾರ ಕುರಿತ ಅವನ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2000 ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹಳಷ್ಟು ಭಾಗ ಅವನಿಗಿಂತ ಹಿಂದೆ ಇದ್ದ ಜೆಸ್ವಿಟ್ ಪಾದ್ರಿ ಕೆರ್ದೂ ಬರೆದಿಟ್ಟದ್ದು ಅಂತ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟಳು. ಆಳುವವನಿಗೆ ಜಾತಿಯ ನಕಾಶೆ ಬೇಕಿತ್ತು, ಪಾದ್ರಿ ಒದಗಿಸಿದ. ಆ ಪುಸ್ತಕದ ಮೊದಲಲ್ಲೇ ಜಾತಿ ವ್ಯವಸ್ಥೆ ಹಿಂದೂ ಶಾಸನಕಾರರ ಅತ್ಯುತ್ತಮ ಸೃಷ್ಟಿ ಅನ್ನುವ ಹೊಗಳಿಕೆ ಇದೆ. ಜಾತಿಯ ಕಟ್ಟು ಇಲ್ಲದಿದ್ದರೆ ಜನ ಏನಾಗುತ್ತಿದ್ದರು ಅನ್ನುವುದಕ್ಕೆ ಅವನು ಕೈ ತೋರಿಸುವುದು ಪರಯರ ಕಡೆಗೆ: ಲಂಗುಲಗಾಮಿಲ್ಲದವರು, ನೀತಿ ಇಲ್ಲದವರು. ಹೊಲೆ ಕೇರಿಯನ್ನು ಹೊಲೆ ಕೇರಿ ಮಾಡಿದ್ದೇ ಜಾತಿ. ಪಾದ್ರಿಗೆ ಅದು ಜಾತಿ ಇಲ್ಲದ ಕಡೆ ಆಗುವ ಅನಾಹುತದ ಹಾಗೆ ಕಂಡಿತು! ಕೊಂದವನನ್ನೇ ಕಾವಲುಗಾರ ಅಂತ ಕರೆದ ಹಾಗಾಯಿತು.

ಇದು ಅವನೊಬ್ಬನ ಕುರುಡಲ್ಲ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ವೇಷ ತೊಟ್ಟು ಹೊರಜಾತಿಯವರಿಂದ ದೂರ ನಿಂತ. ತಲೆ ಬಂದರೆ ಕಾಲು ತಾನಾಗಿ ಬರುತ್ತದೆ ಅನ್ನುವ ಲೆಕ್ಕ. ತಲೆಯೂ ಬರಲಿಲ್ಲ, ಬಂದ ಕಾಲಿಗೆ ಬೆಲೆಯೂ ಕಟ್ಟಲಿಲ್ಲ.

ಇನ್ನು ಆ 'ಮದುವೆ ಸಂಬಂಧ'ದ ಮಾತು. ಬಹಿಷ್ಕಾರ ಅಂದರೆ ಏನು ಅಂತ ಹಳ್ಳಿಯ ಮೇಷ್ಟರುಗಳಿಗೆ ಹೇಳಿಕೊಡಬೇಕಾಗಿಲ್ಲ. ಬೆಂಕಿ ನೀರು ಇಲ್ಲ, ಹೆಣ್ಣು ಕೊಡೋರಿಲ್ಲ, ಹೆಣ ಹೊರೋರಿಲ್ಲ. ಅಂಥವನು ತನ್ನ ಮಗಳಿಗೆ ಒಂದು ಮನೆ, ತನ್ನ ಹೆಣಕ್ಕೆ ನಾಲ್ಕು ಹೆಗಲು ಹುಡುಕಿಕೊಂಡು ಹೋದರೆ ಅದು ಸ್ವಾರ್ಥವೇ? ಜಾತಿ ನಿಂತಿರುವುದೇ ಹೆಣ್ಣು ಕೊಟ್ಟು ತರುವ ಕಟ್ಟಿನ ಮೇಲೆ. ಅಗ್ರಹಾರದವನು ಗೋತ್ರ ನೋಡಿ ನೆಂಟಸ್ತಿಕೆ ಮಾಡಿದರೆ ಅದು ಧರ್ಮ, ಕೇರಿಯವನು ನೆಂಟಸ್ತಿಕೆ ಬೇಡಿದರೆ ಅದು ಆಮಿಷ! ಕಲ್ಯಾಣದಲ್ಲಿ ಏನಾಯಿತು? ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಒಂದು ಮದುವೆ ಆಯಿತು, ಅಷ್ಟಕ್ಕೇ ಬಿಜ್ಜಳನ ಗದ್ದುಗೆ ಅಲ್ಲಾಡಿತು. ಮದುವೆ ಸಣ್ಣ ಸಂಗತಿಯಾಗಿದ್ದರೆ ಅಷ್ಟು ರಕ್ತ ಯಾಕೆ ಹರಿಯುತ್ತಿತ್ತು?

ದುಬುವಾ ಆಗದ ಕೆಲಸ ಅಂದದ್ದು ಆಯಿತು. ಹೊಸಕೋಟೆ, ದೇವನಹಳ್ಳಿ ಕಡೆಯ ತೆಲುಗು ಮಾತಾಡುವ ಮಾದಿಗರ ನೆಂಟರೇ ಅನ್ನಬಹುದಾದ ಆಂಧ್ರದ ಮಾದಿಗರು ಅದನ್ನು ಮಾಡಿದರು. ಒಂಗೋಲು ಸೀಮೆಯಲ್ಲಿ ಚರ್ಮದ ವ್ಯಾಪಾರ ಮಾಡುತ್ತಿದ್ದ ಯರ್ರಗುಂಟ್ಲ ಪೇರಯ್ಯ 1866ರಲ್ಲಿ ದೀಕ್ಷೆ ತಗೊಂಡು ಕೇರಿಯಿಂದ ಕೇರಿಗೆ ಸುದ್ದಿ ಮುಟ್ಟಿಸಿದ. ಹೋದವರು ಸತ್ತ ದನ ತಿನ್ನೋದಿಲ್ಲ ಅಂದರು, ಊರ ದೇವರ ಮುಂದೆ ತಮಟೆ ಬಡಿಯೋದಿಲ್ಲ ಅಂದರು. ಊರಿನವರು ಕಾಟ ಕೊಟ್ಟರು. 1876-78ರ ಬರಗಾಲದಲ್ಲಿ, ಅನ್ನಕ್ಕೆ ಬಂದರು ಅನ್ನಿಸಿಕೊಳ್ಳಬಾರದು ಅಂತ ಅಮೆರಿಕದ ಪಾದ್ರಿ ಜಾನ್ ಕ್ಲಫ್ ದೀಕ್ಷೆಯನ್ನೇ ನಿಲ್ಲಿಸಿದ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2222 ಜನ ದೀಕ್ಷೆ ತಗೊಂಡರು. ಗಂಜಿ ನಿಂತ ಮೇಲೆ ಬಂದವರನ್ನು ಏನಂತ ಕರೀತೀರಿ?

ಹೊಟ್ಟೆಗೂ ಮಾನಕ್ಕೂ ನಡುವೆ ಗೋಡೆ ಕಟ್ಟುವುದೇ ಉಂಡವರ ತತ್ವಶಾಸ್ತ್ರ. 1936ರ ಮೇ 31ರಂದು ಮುಂಬಯಿಯಲ್ಲಿ ಮಾತಾಡಿದ ಅಂಬೇಡ್ಕರ್ ಆ ಗೋಡೆ ಒಡೆದರು. ಮತಾಂತರವನ್ನು ಸಾಮಾಜಿಕವಾಗಿಯೂ ಧಾರ್ಮಿಕವಾಗಿಯೂ, ಲೌಕಿಕವಾಗಿಯೂ ಆಧ್ಯಾತ್ಮಿಕವಾಗಿಯೂ ನೋಡಬೇಕು ಅಂದರು. ಲೌಕಿಕ ಕಾರಣ ಇದ್ದರೆ ನಾಚಿಕೆಪಡಬೇಕು ಅನ್ನಲಿಲ್ಲ.

ಆದರೆ ಪಾದ್ರಿಯ ತಕ್ಕಡಿ ಇನ್ನೂ ತೂಗುತ್ತಲೇ ಇದೆ. 2022ರಲ್ಲಿ ಕರ್ನಾಟಕ ಮತಾಂತರ ತಡೆಯುವ ಕಾಯಿದೆ ತಂದಿತು. ಆಮಿಷದ ಪಟ್ಟಿಯಲ್ಲಿ ಉಡುಗೊರೆ, ಕೆಲಸ, ಪುಕ್ಕಟೆ ಓದು, ಮದುವೆಯ ಭರವಸೆ, ಇನ್ನೂ ಒಳ್ಳೆಯ ಬಾಳು ಎಲ್ಲ ಸೇರಿದವು. ಮತ ಬದಲಾದವರು ಪರಿಶಿಷ್ಟರಾದರೆ, ಹೆಂಗಸರಾದರೆ, ಅಪ್ರಾಪ್ತರಾದರೆ, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಾದರೆ ಮತಾಂತರ ಮಾಡಿಸಿದವನಿಗೆ ಹೆಚ್ಚಿನ ಶಿಕ್ಷೆ. ಬೆಳೆದ ದಲಿತ ಗಂಡಸೂ ಹೆಂಗಸೂ ಮಕ್ಕಳ ಸಾಲಿನಲ್ಲಿ! ತಮ್ಮ ಒಳ್ಳೆಯದು ತಮಗೆ ಗೊತ್ತಾಗದವರು ಅಂತ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ತೀರ್ಮಾನ ಕಾಗದದ್ದು, ಆ ನೋಟ ಹೋಟೆಲಿನ ಬೆಂಚಿನ ಮೇಲೆ ಹಾಗೇ ಕೂತಿದೆ. ಇತ್ತ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು; ಇವರಿಗೆ ತೆರೆದಿಲ್ಲ. ಲಾಭಕ್ಕೆ ಹೋದರು ಅನ್ನುತ್ತೀರಲ್ಲ, ಮೀಸಲಾತಿ ಕಳಕೊಂಡು ಹೋಗೋದು ಯಾವ ಸೀಮೆಯ ಲಾಭ?

ಹಾಗಂತ ಚರ್ಚಿಗೆ ಆರತಿ ಎತ್ತುವುದು ಬೇಡ. ಅಲ್ಲೂ ಜಾತಿ ಮೊದಲ ಸಾಲಿನಲ್ಲಿ ಕೂತಿದೆ. ತಿರುಚ್ಚಿಯ ಒಂದು ಕ್ಯಾಥೋಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಎಬ್ಬಿಸಿದ್ದರು. ತಮ್ಮೊಳಗೆ ಅಸ್ಪೃಶ್ಯತೆ ಇದೆ ಅಂತ ಭಾರತದ ಕ್ಯಾಥೋಲಿಕ್ ಬಿಷಪ್ಪರೇ 2016ರಲ್ಲಿ ಒಪ್ಪಿಕೊಂಡರು. ಜಾತಿಯನ್ನು ಮೆಚ್ಚಿದ ಪಾದ್ರಿಗಳು ಕಟ್ಟಿದ ಮನೆ ಬೇರೆ ಹೇಗೆ ಇರಲು ಸಾಧ್ಯ?

ವಾಪಸು ಹೋದವನು ಬರೆದ. ಅವನಿಗೆ ಕಾಗದ, ಅಚ್ಚು, ಲಂಡನ್ನಿನ ಓದುಗರು ಇದ್ದರು. ಅವನ ಲೆಕ್ಕದಲ್ಲಿ ಬರೀ ಅಂಕಿಯಾಗಿ ಉಳಿದ ಆ ಇನ್ನೂರು ಮುನ್ನೂರು ಜನ ಎಲ್ಲಿಂದ ಓಡಿಬಂದರು, ಯಾರ ಹೊಡೆತ ತಿಂದು ಬಂದರು, ಹೋದ ಮೇಲೆ ಏನು ಕಂಡರು? ಅವರನ್ನು ಯಾರೂ ಕೇಳಲಿಲ್ಲ. ಹೊಸಕೋಟೆಯಿಂದ ನೆಲಮಂಗಲದವರೆಗೆ ಮತ ಬದಲಿಸಿದ ದಲಿತರ ಮನೆಗಳು ಇವತ್ತೂ ಇವೆ. ಗೆಳೆಯರು, ಮೇಷ್ಟರುಗಳು ಅಲ್ಲಿಗೆ ಹೋಗಬೇಕು. ಯಾಕೆ ಹೋದಿರಿ ಅಂತ ಪೊಲೀಸರ ಹಾಗೆ ಕೇಳಬೇಡಿ. ಇಲ್ಲಿ ಏನು ಸಿಗಲಿಲ್ಲ, ಅಲ್ಲಿ ಏನು ಸಿಕ್ಕಿತು ಅಂತ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಮೊದಲ ಪ್ರಶ್ನೆಗೆ ಬರುವ ಉತ್ತರವನ್ನು ಊರ ಪಂಚಾಯ್ತಿ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ.