ಬೆಟ್ಟದ ಹಕ್ಕು, ಮೀಸಲಾತಿಯ ಸವಲತ್ತು

'ಪ್ರಿವಿಲೇಜ್' ಎಂಬ ಇಂಗ್ಲಿಷ್ ಪದ ಈಗ ನಮ್ಮ ವಿಚಾರಸಂಕಿರಣಗಳಲ್ಲಿ ಧಾರಾಳವಾಗಿ ಓಡಾಡುತ್ತಿದೆ. ಇದರ ಬೇರು ಲ್ಯಾಟಿನ್. 'ಪ್ರೀವುಸ್' ಎಂದರೆ ಒಬ್ಬನಿಗೆ ಸೇರಿದ್ದು, 'ಲೆಕ್ಸ್' ಎಂದರೆ ಕಾನೂನು. ಎಲ್ಲರಿಗೂ ಅಲ್ಲದ, ಒಬ್ಬನಿಗಾಗಿಯೇ ಮಾಡಿದ ಕಾನೂನು. ರೋಮ್‌ನಲ್ಲಿ ಅದು ಒಬ್ಬನ ಪರವಾಗಿಯೂ ಇರಬಹುದಿತ್ತು, ವಿರುದ್ಧವಾಗಿಯೂ ಇರಬಹುದಿತ್ತು. ಕ್ರಿ.ಪೂ. 58ರಲ್ಲಿ ತನ್ನನ್ನು ಗಡಿಪಾರು ಮಾಡಿದ ಕಾನೂನನ್ನು ಸಿಸೆರೊ ಇದೇ ಹೆಸರಿಟ್ಟು ಹಳಿದ. ಈ ಎರಡನೇ ಅರ್ಥ ಇಂಗ್ಲಿಷಿನಲ್ಲಿ ಮರೆಯಾಗಿದೆ. ನಮಗೆ ಬೇಕಾದದ್ದು ಅದೇ. ಮನುಸ್ಮೃತಿಯಲ್ಲಿ ಒಂದೇ ತಪ್ಪಿಗೆ ವರ್ಣಕ್ಕೊಂದು ಶಿಕ್ಷೆ. ಒಬ್ಬನಿಗೆ ರಿಯಾಯಿತಿಯಾದದ್ದೇ ಇನ್ನೊಬ್ಬನಿಗೆ ಬರೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಸುಟ್ಟದ್ದು ಈ ಖಾಸಗಿ ಕಾನೂನನ್ನು.

ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಈ ಪದ ಹೊಸತಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕು. ಅದಕ್ಕೆಂದು ಸರ್ಕಾರಿ ಕಾಡಿನಲ್ಲಿ ತೋಟಿಗರಿಗೆ ಬಿಟ್ಟುಕೊಟ್ಟ ಜಾಗವೇ ಸೊಪ್ಪಿನ ಬೆಟ್ಟ. ಅರಣ್ಯ ಇಲಾಖೆಯ ಭಾಷೆಯಲ್ಲಿ ಇದು 'ಪ್ರಿವಿಲೇಜ್': ನೆಲ ಸರ್ಕಾರದ್ದು, ಬಳಕೆ ಮಾತ್ರ ನಿಮ್ಮದು. ಊರ ಬಾಯಲ್ಲಿ ಅದು 'ಬೆಟ್ಟದ ಹಕ್ಕು'. ಸೊಪ್ಪಿಲ್ಲದೆ ತೋಟ ಉಳಿಯದು, ನಿಜ. ಬೆಟ್ಟ ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಆದರೆ ಬೆಟ್ಟ ಅಂಟಿಕೊಂಡಿರುವುದು ತೋಟಕ್ಕೆ. ತೋಟವಿಲ್ಲದವನು ಸೊಪ್ಪು ಕಡಿದು ಹೊತ್ತರೂ ಬೆಟ್ಟ ಅವನದಲ್ಲ. ಅವನೇ ಕಾಡಂಚಿನಲ್ಲಿ ಗುಡಿಸಲು ಹಾಕಿದರೆ 'ಅತಿಕ್ರಮಣದಾರ'.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಸರಿಪಡಿಸಲು ಬಂತು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಯರಿಗೆ ಅದರಲ್ಲಿ ಷರತ್ತು ಕಡಿಮೆ. ಪರಿಶಿಷ್ಟ ಜಾತಿಯವರು ಮಾತ್ರ 'ಇತರೆ ಪಾರಂಪರಿಕ ಅರಣ್ಯವಾಸಿ'ಗಳ ಸಾಲಿನಲ್ಲಿ ನಿಂತು, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವೆಂದು ಸಾಬೀತು ಮಾಡಬೇಕು. ಯಾರ ಅಜ್ಜನನ್ನು ಯಾವ ಕಾಗದವೂ ಲೆಕ್ಕಕ್ಕೆ ಇಟ್ಟಿರಲಿಲ್ಲವೋ ಅವರ ಹತ್ತಿರವೇ ಅಜ್ಜನ ಪುರಾವೆ ಕೇಳುವುದು!

ಇದೇ ಊರುಗಳಲ್ಲಿ ಮೀಸಲಾತಿಗೆ ಇರುವ ಹೆಸರು 'ಸವಲತ್ತು'. ಈ ಪದದ ಬೇರು ಅರಬ್ಬಿಯದು. ಮೂಲ ಅರ್ಥ ಸುಲಭ, ಸಲೀಸು. "ನಿಮಗೇನ್ರೀ, ಎಲ್ಲಾ ಸವಲತ್ತು ಇದೆಯಲ್ಲ" ಎಂಬ ಮಾತು ಕೇಳದ ದಲಿತ ಅಧ್ಯಾಪಕ ಸಿಗುವುದು ಕಷ್ಟ. ಬದುಕು ನಿಮಗೆ ಸಲೀಸು ಎಂಬುದೇ ಅದರ ಒಳಗಿನ ಆರೋಪ. ಸಂವಿಧಾನ ಹೇಳುವುದು ಬೇರೆ. 16(4)ನೇ ವಿಧಿ ಮೊದಲಿಂದಲೂ ಇದೆ, 15(4) 1951ರಲ್ಲಿ ಸೇರಿತು. ಮೀಸಲಾತಿ ಸಮಾನತೆಗೆ ಅಪವಾದವಲ್ಲ, ಸಮಾನತೆಯದೇ ಒಂದು ರೂಪ ಎಂಬ ನಿಲುವನ್ನು 1975ರ ಎನ್.ಎಂ. ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳೆಯಿತು. ಅಂತೂ ಕಾನೂನು 'ಪ್ರಿವಿಲೇಜ್' ಎಂದದ್ದು ಊರಿನಲ್ಲಿ ಹಕ್ಕಾಗಿದೆ; ಕಾನೂನು ಸಮಾನತೆ ಎಂದದ್ದು ಸವಲತ್ತಾಗಿದೆ. ಈ ಅದಲುಬದಲು ಮಾಡಿದ್ದು ನಿಘಂಟಲ್ಲ, ಜಾತಿ.

ಕನ್ನಡ ವಿಮರ್ಶೆಯೂ ಈ ಊರಿನ ಹೊರಗಿಲ್ಲ. ಅಗ್ರಹಾರದ ಕಥೆ 'ಮನುಷ್ಯನ ಕಥೆ', ಕೇರಿಯ ಕಥೆ 'ದಲಿತ ಕಥೆ'. ಮೊದಲನೆಯದನ್ನು ತೂಗುತ್ತಾರೆ, ಎರಡನೆಯದಕ್ಕೆ 'ಪ್ರಾಮಾಣಿಕ ಅನುಭವ' ಎಂದು ಎರಡು ಅಂಕ ಕೊಟ್ಟು ಸುಮ್ಮನಾಗುತ್ತಾರೆ. 1973ರಲ್ಲಿ ಬಸವಲಿಂಗಪ್ಪ ಕನ್ನಡ ಸಾಹಿತ್ಯವನ್ನೇ ತೂಗಿ 'ಬೂಸಾ' ಅಂದಾಗ ಎದ್ದ ಗಲಾಟೆಗೆ ಮಂತ್ರಿ ಪದವಿ ಬಿಡಬೇಕಾಯಿತು. ಅವರ ಮಾತು ಸರಿಯೋ ತಪ್ಪೋ ಎಂಬುದಕ್ಕಿಂತ ಮುಂಚೆ, ತಕ್ಕಡಿ ಇವರ ಕೈಗೆ ಹೇಗೆ ಬಂತು ಎಂಬ ಸಿಟ್ಟು ಅಲ್ಲಿತ್ತು. ತೀರ್ಪು ಕೊಡುವ ಅಧಿಕಾರವೂ ಒಂದು ಸೊಪ್ಪಿನ ಬೆಟ್ಟವೇ. ಅದನ್ನು ಹಕ್ಕು ಅಂತ ಯಾವ ಕಾಗದದಲ್ಲಿ ಬರೆದಿದೆ, ತೋರಿಸಿ ಎಂದು ಕೇಳುವುದು ದಲಿತ ವಿಮರ್ಶೆಯ ಮೊದಲ ಕೆಲಸ.